ಕತ್ತರಿಸಿ ಎಸೆದ ಭಾಗದಲ್ಲೇ ಸಂಶಯವಿತ್ತು

ಪ್ರಶ್ನೆ: ಸರ್, ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿಯಲ್ಲಿ ‘ಥ್ರೀ ಡೇಸ್ ಆಫ್ ದಿ ಕಾಂಡೋರ್’ ಎಂಬ ಹಾಲಿವುಡ್ ಚಿತ್ರ ನೋಡಿ ಮನಸೋತಿದ್ದೆ. ಈಚೆಗೆ ಅಮೆರಿಕದಿಂದ ಬಂದ ತಂಗಿ ಅದರ ರಿಸ್ಟೋರ್ ಮಾಡಿ ಹೊಸದಾಗಿಸಿದ, ಅತಿ ಸ್ಪಷ್ಟ ಚಿತ್ರದ 4ಕೆ ಡಿಸ್ಕ್ ತಂದುಕೊಟ್ಟಳು. ಹಾಕಿ ನೋಡಿದರೆ ಮೇಲೂ ಕೆಳಗೂ ಕಪ್ಪು ಪಟ್ಟಿ, ಚಿತ್ರದ ತುಂಬ ಸಣ್ಣ ರವೆ ಚೆಲ್ಲಿದ ಹಾಗೆ ಕಾಳು ಕಾಳು, ಎಷ್ಟೋ ದೃಶ್ಯಗಳು ಕತ್ತಲು. ‘ಇದೆಂಥ ರಿಸ್ಟೋರೇಷನ್ ಅಪ್ಪಾ’ ಅಂತ ಮಗ ಅರ್ಧಕ್ಕೇ ಎದ್ದು ಹೋದ. ನನ್ನನ್ನು ಕಾಡುತ್ತಿರುವುದು ಇನ್ನೊಂದು. ಕೊನೆಗೆ ನಾಯಕ ಗೆದ್ದ ಅಂತ ಇಷ್ಟು ವರ್ಷ ನನ್ನ ನೆನಪಿನಲ್ಲಿತ್ತು. ಈ ಡಿಸ್ಕಿನಲ್ಲಿ ಹಾಗೆ ಅನ್ನಿಸಲೇ ಇಲ್ಲ. ಕೊನೆಯನ್ನು ಬದಲಿಸಿದ್ದಾರೆಯೇ? ಇದು ಒಳ್ಳೆಯ ಪ್ರತಿಯೇ?
— ಮೈಸೂರಿನ ಓದುಗರೊಬ್ಬರು

ಉತ್ತರ: ನಮಸ್ಕಾರ. ಮೊದಲು ನಿಮ್ಮ ಆತಂಕ ಕಳೆಯುತ್ತೇನೆ. ಕೊನೆಯನ್ನು ಯಾರೂ ಮುಟ್ಟಿಲ್ಲ. 1975ರ ಸೆಪ್ಟೆಂಬರಿನಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಹೇಗೆ ಮುಗಿದಿತ್ತೋ ನಿಮ್ಮ ಡಿಸ್ಕಿನಲ್ಲೂ ಹಾಗೇ ಮುಗಿಯುತ್ತದೆ. ಬೇರೆಯಾಗಿದ್ದದ್ದು ನೀವು ಆಗ ಟಿವಿಯಲ್ಲಿ ನೋಡಿದ ಪ್ರತಿ. ಅದರಲ್ಲಿ ಸುಮಾರು ಅರ್ಧ ಸಿನಿಮಾ ಇರಲಿಲ್ಲ. ಕಾಲದ ಲೆಕ್ಕದಲ್ಲಿ ಹೇಳುತ್ತಿಲ್ಲ, ಅಗಲದ ಲೆಕ್ಕದಲ್ಲಿ ಹೇಳುತ್ತಿದ್ದೇನೆ.

ನಾನು ಮದ್ರಾಸಿನ ಒಂದು ಫಿಲಂ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗ್ರೇಡಿಂಗ್ ಮಾಡಿದವನು. ನೆಗೆಟಿವ್‌ನಿಂದ ಪ್ರಿಂಟ್ ತೆಗೆಯುವಾಗ ಒಂದೊಂದು ಶಾಟ್‌ಗೂ ಕೆಂಪು, ಹಸಿರು, ನೀಲಿ ಬೆಳಕು ಎಷ್ಟೆಷ್ಟು ಕೊಡಬೇಕು ಎಂದು ಗುರುತು ಹಾಕುವ ಕೆಲಸ. ಹಾಗಾಗಿ ನಿಮ್ಮ ಮಗನಿಗೆ ಕಂಡ ಆ ರವೆಕಾಳಿನ ಬಗ್ಗೆ ನನಗೆ ಹೇಳುವುದು ಬಹಳ ಇದೆ. ಅದಕ್ಕೂ ಮೊದಲು ಕಪ್ಪು ಪಟ್ಟಿಯ ವಿಷಯ. ನಿಮ್ಮ ಮೂರೂ ಪ್ರಶ್ನೆಗಳಿಗೆ ಬೀಗದ ಕೈ ಇರುವುದು ಅಲ್ಲಿ.

ನಿರ್ದೇಶಕ ಸಿಡ್ನಿ ಪೊಲಾಕ್ ಮತ್ತು ಛಾಯಾಗ್ರಾಹಕ ಓವೆನ್ ರಾಯ್ಜ್‌ಮನ್ ಇದನ್ನು ಪ್ಯಾನಾವಿಷನ್ ಮಸೂರ ಹಾಕಿ ಚಿತ್ರೀಕರಿಸಿದರು. ಚಿತ್ರದ ಎತ್ತರ ಒಂದಾದರೆ ಅಗಲ 2.35. ನಮ್ಮಲ್ಲಿ ಸಿನಿಮಾಸ್ಕೋಪ್ ಎಂದು ಪೋಸ್ಟರಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದರಲ್ಲ, ಅದೇ ಅಗಲ. ಹಳೆಯ ಡಬ್ಬಾ ಟಿವಿಯ ಪರದೆ ಎತ್ತರ ಒಂದಕ್ಕೆ ಅಗಲ 1.33 ಮಾತ್ರ. ಇಷ್ಟು ಅಗಲದ ಚಿತ್ರವನ್ನು ಅಷ್ಟು ಕಿರಿದಾದ ಪರದೆಗೆ ತುಂಬಿಸಬೇಕಾದರೆ ನೂರರಲ್ಲಿ ಸುಮಾರು 43 ಪಾಲನ್ನು ಕತ್ತರಿಸಲೇಬೇಕು. ಯಾವ ಶಾಟ್‌ನಲ್ಲಿ ಎಡಭಾಗ ಉಳಿಸಬೇಕು, ಯಾವುದರಲ್ಲಿ ಬಲಭಾಗ ಎಂದು ವಿಡಿಯೊ ಲ್ಯಾಬಿನಲ್ಲಿ ಕೂತ ತಂತ್ರಜ್ಞನೊಬ್ಬ ತೀರ್ಮಾನಿಸುತ್ತಿದ್ದ. ಇದಕ್ಕೆ ‘ಪ್ಯಾನ್ ಅಂಡ್ ಸ್ಕ್ಯಾನ್’ ಎಂದು ಹೆಸರು. ಇಬ್ಬರು ದೂರದೂರ ನಿಂತು ಮಾತಾಡುತ್ತಿದ್ದರೆ ಒಬ್ಬನನ್ನು ತೆಗೆದುಹಾಕುತ್ತಿದ್ದರು, ಇಲ್ಲವೇ ಒಂದೇ ಶಾಟನ್ನು ಎರಡಾಗಿ ತುಂಡರಿಸುತ್ತಿದ್ದರು.

ಎಲ್ಲ ಅಗಲ ಚಿತ್ರಗಳಿಗೂ ಆಗುತ್ತಿದ್ದ ಅನ್ಯಾಯ ಇದು. ಆದರೆ ಈ ಚಿತ್ರಕ್ಕೆ ಆದಷ್ಟು ನಷ್ಟ ಬೇರೆ ಯಾವುದಕ್ಕೂ ಆಗಲಿಲ್ಲ ಎಂದು ನಾನು ನಂಬಿದ್ದೇನೆ. ಪೊಲಾಕ್ ಅವರಿಗೂ ಹಾಗೇ ಅನ್ನಿಸಿರಬೇಕು. ಡೆನ್ಮಾರ್ಕಿನ ಸಾರ್ವಜನಿಕ ಟಿವಿ 1991ರಲ್ಲಿ ಇದೇ ಚಿತ್ರವನ್ನು ಹೀಗೆ ಕತ್ತರಿಸಿ ಪ್ರಸಾರ ಮಾಡಿದಾಗ ಅವರು ಅಲ್ಲಿನ ಕೋರ್ಟಿನ ಮೆಟ್ಟಿಲು ಹತ್ತಿದರು. 1997ರಲ್ಲಿ ತೀರ್ಪು ಬಂತು. ಈ ರೀತಿ ಕತ್ತರಿಸುವುದು ಕೃತಿಯ ಅಂಗಭಂಗವೇ ಸರಿ, ನಿರ್ದೇಶಕನ ನೈತಿಕ ಹಕ್ಕಿಗೆ ಧಕ್ಕೆಯೇ ಸರಿ ಎಂದು ನ್ಯಾಯಾಲಯ ಒಪ್ಪಿಕೊಂಡಿತು. ಕಾನೂನಿನ ತಾಂತ್ರಿಕ ಕಾರಣವೊಂದರಿಂದ ಕೇಸು ಮಾತ್ರ ಪೊಲಾಕ್ ಪರ ಆಗಲಿಲ್ಲ. ಸೋತರೂ ಅದು ದೊಡ್ಡ ಮಾತು. ಮಸೂರದ ಅಗಲವೂ ಲೇಖಕನ ವಾಕ್ಯದಷ್ಟೇ ಅವನ ಸ್ವಂತದ್ದು ಎಂದು ಒಂದು ದೇಶದ ನ್ಯಾಯಾಲಯ ಹೇಳಿತು.

ಅಷ್ಟು ಹಟ ಈ ಚಿತ್ರದ ವಿಷಯದಲ್ಲೇ ಏಕೆ ಬಂತು? ಚಿತ್ರ ನೋಡದ ಓದುಗರಿಗಾಗಿ ಕಥೆಯನ್ನು ಒಂದಿಷ್ಟು ಹೇಳಿಬಿಡುತ್ತೇನೆ. ಜೋ ಟರ್ನರ್ (ರಾಬರ್ಟ್ ರೆಡ್‌ಫೋರ್ಡ್) ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ನೌಕರ, ಗುಪ್ತನಾಮ ಕಾಂಡೋರ್. ಅವನ ಕೈಯಲ್ಲಿ ಬಂದೂಕಿಲ್ಲ. ಅವನ ಕೆಲಸ ಓದುವುದು. ನ್ಯೂಯಾರ್ಕಿನಲ್ಲಿ ಸಾಹಿತ್ಯ–ಇತಿಹಾಸ ಸಂಘವೊಂದರ ಫಲಕ ಹೊತ್ತ ಮನೆಯಲ್ಲಿ ಕೂತು, ಲೋಕದ ಮೂಲೆಮೂಲೆಯಿಂದ ಬರುವ ಪತ್ತೇದಾರಿ ಕಾದಂಬರಿ, ಪತ್ರಿಕೆ, ನಿಯತಕಾಲಿಕಗಳನ್ನು ಓದಿ, ಅವುಗಳಲ್ಲಿ ಗುಪ್ತ ಸಂಚುಗಳ ಸುಳಿವೇನಾದರೂ ಇದೆಯೇ ಎಂದು ಕಂಪ್ಯೂಟರಿಗೆ ತುಂಬಿಸುವುದು. ಒಂದು ಮಳೆಯ ಮಧ್ಯಾಹ್ನ ಎಲ್ಲರಿಗೂ ಊಟ ತರುವ ಪಾಳಿ ಅವನದು. ನೆನೆಯಬಾರದೆಂದು, ನಿಯಮ ಮೀರಿ, ಹಿಂಬಾಗಿಲಿನಿಂದ ಹೋಗುತ್ತಾನೆ. ಅಷ್ಟರಲ್ಲಿ ಮುಂಬಾಗಿಲಿನಿಂದ ಮೂವರು ಬರುತ್ತಾರೆ, ಒಬ್ಬ ಅಂಚೆಯವನ ವೇಷದಲ್ಲಿ. ಟರ್ನರ್ ಊಟದ ಪೊಟ್ಟಣ ಹಿಡಿದು ಹಿಂತಿರುಗಿದಾಗ ಕಚೇರಿಯಲ್ಲಿ ಒಬ್ಬರೂ ಉಸಿರಾಡುತ್ತಿಲ್ಲ.

ಅಲ್ಲಿಂದ ಮುಂದೆ ಅವನಿಗೆ ಯಾರನ್ನು ನಂಬಬೇಕೆಂದು ತಿಳಿಯದು. ಬೀದಿಯ ಫೋನ್ ಬೂತಿನಿಂದ ತನ್ನದೇ ಸಂಸ್ಥೆಗೆ ಕರೆ ಮಾಡುತ್ತಾನೆ. ಕರೆದೊಯ್ಯಲು ಬಂದವನೇ ಗುಂಡು ಹಾರಿಸುತ್ತಾನೆ. ಈಗ ಹೇಳಿ, ಇಂಥ ಮನುಷ್ಯನಿಗೆ ಅಪಾಯ ಎಲ್ಲಿಂದ ಬರುತ್ತದೆ? ಎದುರಿನಿಂದ ಬರುವುದಿಲ್ಲ, ಪಕ್ಕದಿಂದ ಬರುತ್ತದೆ. ಕಣ್ಣಂಚಿನಲ್ಲಿ ನಿಂತ ಕಾರು, ಪತ್ರಿಕೆ ಮಡಚುತ್ತಿರುವ ಮನುಷ್ಯ, ಅರ್ಧ ತೆರೆದ ಬಾಗಿಲು. ಪೊಲಾಕ್ ಮತ್ತು ರಾಯ್ಜ್‌ಮನ್ ಆ ಅಗಲವನ್ನು ನ್ಯೂಯಾರ್ಕಿನ ಅಂದ ತೋರಿಸುವುದಕ್ಕೆ ಬಳಸಲಿಲ್ಲ. ರೆಡ್‌ಫೋರ್ಡ್ ಅವರನ್ನು ಚೌಕಟ್ಟಿನ ಒಂದು ಬದಿಗೆ ನಿಲ್ಲಿಸಿ ಇನ್ನೊಂದು ಬದಿಯನ್ನು ಖಾಲಿ ಬಿಟ್ಟರೆ ನಮ್ಮ ಕಣ್ಣು ತಾನಾಗಿ ಆ ಖಾಲಿ ಜಾಗವನ್ನು ಕಾಯಲು ಶುರುಮಾಡುತ್ತದೆ. ಅಲ್ಲಿ ಏನೂ ಆಗದಿದ್ದರೂ ಸರಿ, ಕಾಯುವುದೇ ದಿಗಿಲು. ಟಿವಿ ಪ್ರತಿಯಲ್ಲಿ ಆ ಖಾಲಿ ಜಾಗವನ್ನೇ ಮೊದಲು ಕತ್ತರಿಸುತ್ತಿದ್ದರು. ಏನೂ ಇಲ್ಲವಲ್ಲ ಎಂದು!

ಲಿಫ್ಟಿನ ದೃಶ್ಯ ನಿಮಗೆ ನೆನಪಿರಬೇಕು. ಸತ್ತ ಗೆಳೆಯನ ಮನೆಗೆ ಹೋಗಿ ಬರುವಾಗ ಟರ್ನರ್ ಲಿಫ್ಟ್ ಹತ್ತುತ್ತಾನೆ. ಕೊಲೆಗಾರ ಜೂಬೇರ್ (ಮ್ಯಾಕ್ಸ್ ವಾನ್ ಸೀಡೋ) ಕೂಡ ಅದೇ ಲಿಫ್ಟಿನಲ್ಲಿ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗುಮಾನಿ, ಇಬ್ಬರೂ ಸಭ್ಯರ ಹಾಗೆ ಸುಮ್ಮನೆ ಮುಂದೆ ನೋಡುತ್ತ ನಿಂತಿದ್ದಾರೆ. ಬಂದೂಕಿಲ್ಲ, ಓಟವಿಲ್ಲ, ಮಾತೂ ಇಲ್ಲವೆನ್ನುವಷ್ಟು ಕಡಿಮೆ. ಎರಡು ಮುಖಗಳನ್ನೂ ನಡುವಿನ ಗೇಣು ಜಾಗವನ್ನೂ ಒಟ್ಟಿಗೆ ನೋಡುತ್ತ ಕೂರುವುದಕ್ಕೂ, ಒಂದು ಮುಖ ತೋರಿಸಿ ಆಮೇಲೆ ಇನ್ನೊಂದಕ್ಕೆ ಹಾರುವುದಕ್ಕೂ ಅಜಗಜಾಂತರ. ಒಟ್ಟಿಗೆ ನೋಡುವಾಗ ಯಾರನ್ನು ಗಮನಿಸಬೇಕೆಂದು ಯಾರೂ ನಮಗೆ ಹೇಳುವುದಿಲ್ಲ. ಟರ್ನರನ ಪಾಡೂ ಅದೇ. ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಬಾಡಿಗೆಗೆ ತಂದ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ. ಆಗ ಈ ದೃಶ್ಯ ಚೆನ್ನಾಗಿದೆ ಅನ್ನಿಸಿತ್ತು. ಪೂರ್ತಿ ಅಗಲದಲ್ಲಿ ನೋಡಿದ ದಿನ ಅಂಗೈ ಬೆವರಿತು.

ನಿಮಗೆ ಕಂಡ ಕಪ್ಪು ಪಟ್ಟಿಗಳು ಬರುವುದು ಚಿತ್ರದ ಪೂರ್ತಿ ಅಗಲವನ್ನು ಪರದೆಯೊಳಗೆ ಹಿಡಿಸಿರುವುದರಿಂದ. ಆದ್ದರಿಂದ ರಿಮೋಟಿನಲ್ಲಿ ‘ಜೂಮ್’ ಒತ್ತಿ ಆ ಪಟ್ಟಿಗಳನ್ನು ಓಡಿಸಬೇಡಿ. ಓಡಿಸಿದರೆ ಡೆನ್ಮಾರ್ಕಿನ ಟಿವಿ ಮಾಡಿದ ಕೆಲಸವನ್ನು ನಿಮ್ಮ ಮನೆಯಲ್ಲಿ ನೀವೇ ಮಾಡಿದ ಹಾಗಾಗುತ್ತದೆ.

ಈಗ ರವೆಕಾಳು. ನಿಮ್ಮ ಮಗನ ಮೇಲೆ ನನಗೆ ಸಿಟ್ಟಿಲ್ಲ. ಹುಟ್ಟಿದಾಗಿನಿಂದ ಡಿಜಿಟಲ್ ಕ್ಯಾಮೆರಾದ ನುಣುಪು ನೋಡಿದ ಕಣ್ಣಿಗೆ ಹಾಗೆ ಅನ್ನಿಸುವುದು ಸಹಜ. ಫಿಲಂ ಎಂದರೆ ಜೆಲಟಿನ್ ಪದರದೊಳಗೆ ಹರಡಿದ ಬೆಳ್ಳಿ ಲವಣದ ಹರಳುಗಳು. ಬೆಳಕು ಬಿದ್ದ ಹರಳಿನ ಸುತ್ತ ಸಂಸ್ಕರಣೆಯಲ್ಲಿ ಬಣ್ಣದ ಪುಟ್ಟ ಮೋಡ ಹುಟ್ಟುತ್ತದೆ, ಬೆಳ್ಳಿ ತೊಳೆದು ಹೋಗುತ್ತದೆ, ಬಣ್ಣ ಉಳಿಯುತ್ತದೆ. ಕಾಂಡೋರನ ಮುಖ, ಮಳೆ, ಫೋನಿನ ತಂತಿ, ಎಲ್ಲವೂ ಈ ಮೋಡಗಳಿಂದಲೇ ಆಗಿದೆ. ಕಾಳು ಚಿತ್ರದ ಮೇಲೆ ಕೂತ ಧೂಳೆಂದು ತಿಳಿಯಬೇಡಿ, ಚಿತ್ರವೇ ಕಾಳು. ಆ ಕಾಲದ ಕೋಡಕ್ ಬಣ್ಣದ ನೆಗೆಟಿವ್‌ನ ವೇಗ, ಅಂದರೆ ಬೆಳಕನ್ನು ಹಿಡಿಯುವ ಶಕ್ತಿ, 100 ಎಎಸ್‌ಎ ಮಾತ್ರ. ಇಂದಿನ ಎಷ್ಟೋ ಡಿಜಿಟಲ್ ಸಿನಿಮಾ ಕ್ಯಾಮೆರಾಗಳ ಮೂಲ ವೇಗವೇ 800. ಅಂಥ ನಿಧಾನದ ಫಿಲಂ ಹಿಡಿದು ರಾಯ್ಜ್‌ಮನ್ ಚಳಿಗಾಲದ ಸಂಜೆಗೂ ದೀಪ ಕಡಿಮೆಯಿರುವ ಕೋಣೆಗಳಿಗೂ ಹೋದರು. ಅದಕ್ಕೆ ಮುಂಚೆ ‘ದಿ ಫ್ರೆಂಚ್ ಕನೆಕ್ಷನ್’ಗಾಗಿ ಇದೇ ಊರಿನ ಬೀದಿಗಳನ್ನು ಇದ್ದ ಬೆಳಕಿನಲ್ಲೇ ಹಿಡಿದು ಹೆಸರಾದವರು ಅವರು. ನೆಗೆಟಿವ್‌ಗೆ ಬೆಳಕು ಕಡಿಮೆಯಾದಷ್ಟೂ ನೆರಳಿನಲ್ಲಿ ಕಾಳು ಎದ್ದು ಕಾಣುತ್ತದೆ. ನಾವು ಲ್ಯಾಬಿನವರು ಒಂದು ಪ್ರಿಂಟ್ ನೋಡಿಯೇ ಛಾಯಾಗ್ರಾಹಕ ಎಷ್ಟು ಧೈರ್ಯ ಮಾಡಿದ್ದಾನೆ ಎಂದು ಹೇಳಿಬಿಡುತ್ತಿದ್ದೆವು.

ಕಾಳನ್ನು ತೆಗೆಯುವ ಸಾಫ್ಟ್‌ವೇರ್ ಇದೆ. ಎಷ್ಟೋ ಡಿಸ್ಕ್‌ಗಳಲ್ಲಿ ಅದನ್ನು ಯದ್ವಾತದ್ವಾ ಬಳಸಿದ್ದಾರೆ ಕೂಡ. ಅದು ಕಾಳಿಗೂ ಚರ್ಮದ ರಂಧ್ರಕ್ಕೂ ವ್ಯತ್ಯಾಸ ಅರಿಯದು. ಎರಡನ್ನೂ ಒರೆಸಿಹಾಕುತ್ತದೆ. ಆಮೇಲೆ ನಟರ ಮುಖ ಮೇಣದ ಬೊಂಬೆಯಂತೆ ಹೊಳೆಯುತ್ತದೆ, ಉಣ್ಣೆಯ ಕೋಟು ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ನಿಮ್ಮ ಡಿಸ್ಕ್ ಕವರಿನ ಮೇಲೆ ಕೀನೋ ಲಾರ್ಬರ್ ಎಂಬ ಡಿಸ್ಕ್ ಕಂಪನಿಯ ಹೆಸರಿದ್ದರೆ ಅದು 2023ರಲ್ಲಿ ಬಂದದ್ದು, ಮೂಲ ಕ್ಯಾಮೆರಾ ನೆಗೆಟಿವ್ ಅನ್ನೇ 4ಕೆಯಲ್ಲಿ ಸ್ಕ್ಯಾನ್ ಮಾಡಿ ತಯಾರಿಸಿದ್ದು. ಅಲ್ಲಿ ಕಾಳು ಉಳಿದಿದೆ ಎಂದರೆ ಕೆಲಸ ಮಾಡಿದವರು ಕೈ ಬಿಗಿಹಿಡಿದಿದ್ದಾರೆ ಎಂದರ್ಥ. ಕನ್ನಡದ ‘ಘಟಶ್ರಾದ್ಧ’ವನ್ನು 4ಕೆಯಲ್ಲಿ ರಿಸ್ಟೋರ್ ಮಾಡಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ಸುದ್ದಿ ಬಂದಾಗ ನನ್ನ ಮೊದಲ ಪ್ರಾರ್ಥನೆ ಇದೇ ಆಗಿತ್ತು: ಹೊಳಪು ಬೇಡ, ಕಾಳು ಉಳಿದಿರಲಿ.

ಆದರೂ ಮಗನ ದೂರಿನಲ್ಲಿ ಒಂದಂಶ ನಿಜವಿರಬಹುದು. ಅದಕ್ಕೆ ಕಾರಣ ಡಿಸ್ಕ್ ಅಲ್ಲ, ಟಿವಿ. ಅಂಗಡಿಯಿಂದ ಬರುವಾಗ ಟಿವಿಯ ‘ಶಾರ್ಪ್‌ನೆಸ್’ ಮೇಲಕ್ಕೇರಿಸಿಯೇ ಇರುತ್ತದೆ. ಅದು ಒಂದೊಂದು ಕಾಳಿನ ಸುತ್ತಲೂ ಗೆರೆ ಎಳೆದು ಕಣ್ಣಿಗೆ ಚುಚ್ಚುವ ಹಾಗೆ ಮಾಡುತ್ತದೆ. ಅದನ್ನು ಸೊನ್ನೆಗೋ ಸೊನ್ನೆಯ ಹತ್ತಿರಕ್ಕೋ ತನ್ನಿ. ‘ನಾಯ್ಸ್ ರಿಡಕ್ಷನ್’ ಆರಿಸಿ. ಚಲನೆಯನ್ನು ನುಣುಪು ಮಾಡುವ ಸೌಲಭ್ಯವನ್ನೂ ಆರಿಸಿ. ಸೆಕೆಂಡಿಗೆ 24 ಚಿತ್ರಗಳ ಸಿನಿಮಾದೊಳಗೆ ಅದು ಇಲ್ಲದ ಚಿತ್ರಗಳನ್ನು ತಾನೇ ಹೆಣೆದು ಸೇರಿಸುತ್ತದೆ, ಇಡೀ ಚಿತ್ರ ಸಂಜೆಯ ಧಾರಾವಾಹಿಯಂತೆ ಜಾರತೊಡಗುತ್ತದೆ. ಹಲವು ಟಿವಿಗಳಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇರುತ್ತದೆ, ಅದೊಂದನ್ನು ಒತ್ತಿದರೆ ಇವೆಲ್ಲ ಒಟ್ಟಿಗೆ ಆಗುತ್ತವೆ. ಪರದೆಯಿಂದ ತೀರ ದೂರ ಕೂತರೆ 4ಕೆ ಇದ್ದೂ ಇಲ್ಲದಂತೆ, ತೀರ ಹತ್ತಿರವಾದರೆ ಕಾಳು ಎಣಿಸುತ್ತ ಕೂರುತ್ತೀರಿ. ಪರದೆಯ ಎತ್ತರದ ಎರಡರಿಂದ ಮೂರು ಪಟ್ಟು ದೂರ ನನಗೆ ಸರಿ ಎನಿಸುತ್ತದೆ.

ಸ್ಟ್ರೀಮಿಂಗ್‌ನಲ್ಲಿ ನೋಡಿದರೆ ಸಾಲದೇ ಎಂದು ಮಗ ಕೇಳಬಹುದು. ಕಾಳಿರುವ ಚಿತ್ರಕ್ಕೆ ಸಾಲದು. ವಿಡಿಯೊವನ್ನು ಕುಗ್ಗಿಸುವ ತಂತ್ರ ನಿಂತಿರುವುದು ಒಂದು ಊಹೆಯ ಮೇಲೆ: ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಹೆಚ್ಚು ಬದಲಾಗುವುದಿಲ್ಲ, ಬದಲಾದದ್ದನ್ನು ಮಾತ್ರ ಕಳಿಸಿದರೆ ಸಾಕು. ಕಾಳು ಒಂದೊಂದು ಚೌಕಟ್ಟಿನಲ್ಲೂ ಹೊಸದಾಗಿ ಬಿದ್ದಿರುತ್ತದೆ, ಆದ್ದರಿಂದ ಎಲ್ಲವೂ ಬದಲಾದಂತೆ ಲೆಕ್ಕ. ಡಿಸ್ಕಿನಲ್ಲಿ ಸೆಕೆಂಡಿಗೆ ನೂರು ಮೆಗಾಬಿಟ್‌ವರೆಗೂ ಹರಿಯಲು ಜಾಗವಿದೆ. ಸ್ಟ್ರೀಮಿಂಗ್‌ನ 4ಕೆಗೆ ಸಾಮಾನ್ಯವಾಗಿ ಸಿಗುವುದು 15ರಿಂದ 25. ಅಷ್ಟರಲ್ಲಿ ಕಾಳು ಹೆಪ್ಪುಗಟ್ಟಿದ ಮೊಸರಿನಂತೆ ಚೌಕ ಚೌಕವಾಗಿ ಒಡೆಯುತ್ತದೆ. ಕತ್ತಲ ದೃಶ್ಯಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಕತ್ತಲಿನ ಮಾತು ಬಂತು. ಟಿವಿ, ವಿಎಚ್‌ಎಸ್ ಕಾಲದಲ್ಲಿ ಕತ್ತಲ ದೃಶ್ಯಗಳನ್ನು ಬೇಕೆಂದೇ ಬೆಳಗಿಸುತ್ತಿದ್ದರು, ಇಲ್ಲವಾದರೆ ಆ ಪರದೆಗಳಲ್ಲಿ ಬರೀ ಬೂದು ಮಸಿ ಕಾಣುತ್ತಿತ್ತು. ನೀವು ಆಗ ನೋಡಿದ ಬೆಳಕು ರಾಯ್ಜ್‌ಮನ್ ಇಟ್ಟ ಬೆಳಕಲ್ಲ. ಬಣ್ಣವೂ ಅಷ್ಟೆ. ಎಪ್ಪತ್ತರ ದಶಕದ ಬಣ್ಣದ ಪ್ರಿಂಟ್‌ಗಳಲ್ಲಿ ನೀಲಿ-ಹಸಿರು ವರ್ಣ ಮೊದಲು ಮಾಸುತ್ತದೆ, ಹತ್ತು ಹದಿನೈದು ವರ್ಷ ಕಳೆದರೆ ಇಡೀ ಪ್ರಿಂಟ್ ಕುಂಕುಮದ ನೀರಿನಲ್ಲಿ ಅದ್ದಿದಂತೆ ಆಗುತ್ತದೆ. ನಮ್ಮ ಲ್ಯಾಬಿನ ಉಗ್ರಾಣದಲ್ಲಿ ಡಬ್ಬ ತೆರೆದಾಗ ಎಷ್ಟು ಕನ್ನಡ ಚಿತ್ರಗಳ ರೀಲುಗಳು ಹಾಗೆ ಕೆಂಪಾಗಿ ಕಂಡವೆಂದು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮೂಲ ನೆಗೆಟಿವ್ ಉಳಿದಿದ್ದರೆ ಮಾತ್ರ ಹಿಂದಕ್ಕೆ ಬರುವ ದಾರಿ ಇರುತ್ತದೆ. ಪೊಲಾಕ್ 2008ರಲ್ಲೇ ತೀರಿಕೊಂಡರು. ಹಾಗಾಗಿ ಈ ಹೊಸ ಗ್ರೇಡಿಂಗ್ ಆಗುವಾಗ ಪಕ್ಕದಲ್ಲಿ ಕೂತು ‘ಇನ್ನೊಂದಿಷ್ಟು ತಣ್ಣಗೆ’ ಎನ್ನಲು ಅವರು ಇರಲಿಲ್ಲ. ಆದರೂ ನನ್ನ ಕಣ್ಣಿಗೆ ಇದು ಹದವಾಗಿದೆ. ಚಳಿಗಾಲದ ಬೂದು ಬೂದಾಗಿಯೇ ಇದೆ. ಈಚಿನ ಕೆಲವು ರಿಸ್ಟೋರೇಷನ್‌ಗಳಲ್ಲಿ ಎಲ್ಲದಕ್ಕೂ ಬಳಿಯುವ ಅರಿಶಿನದ ಛಾಯೆ ಇಲ್ಲಿಲ್ಲ. ರೆಡ್‌ಫೋರ್ಡ್ ಅವರ ನಸುಗೆಂಪು ಕೂದಲು, ಕಡುನೀಲಿ ಕೋಟು, ಹಿಂದಿನ ಇಟ್ಟಿಗೆ ಗೋಡೆ, ಮೂರೂ ಬೇರೆ ಬೇರೆ ಬಣ್ಣವಾಗಿ ನಿಲ್ಲುತ್ತವೆ. ಗ್ರೇಡಿಂಗ್ ಮಾಡಿದವನಿಗೆ ಅದು ಎಷ್ಟು ಕಷ್ಟ ಎಂದು ಗೊತ್ತು.

ಧ್ವನಿಯ ಬಗ್ಗೆ ಒಂದೇ ಮಾತು. 1975ರ ಬಹುಪಾಲು ಅಮೆರಿಕನ್ ಚಿತ್ರಗಳಂತೆ ಇದರದೂ ಮೋನೋ, ಅಂದರೆ ಒಂದೇ ಚಾನೆಲ್‌ನ, ಧ್ವನಿ. ಡಿಸ್ಕಿನ ಮೆನುವಿನಲ್ಲಿ ಅದಕ್ಕೆ ಹತ್ತಿರವಾದ ಎರಡು ಚಾನೆಲ್‌ನ ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ. ಫೋನಿನ ಗಂಟೆ, ಟೈಪಾಗುವ ಯಂತ್ರದ ಸದ್ದು ಎದುರಿನಿಂದ ಬಂದರೇ ಚೆನ್ನ.

ಇಷ್ಟೆಲ್ಲ ಮಾಡಿ ಮರಳಿ ನೋಡುವಷ್ಟು ಚಿತ್ರವೇ ಇದು? ಹೌದು. ಆದರೆ ನಿಮ್ಮ ನೆನಪಿನಲ್ಲಿದ್ದ ಚಿತ್ರವಾಗಿ ಅಲ್ಲ.

ಕಥೆಯ ಮೂಲ ಜೇಮ್ಸ್ ಗ್ರೇಡಿ ಇಪ್ಪತ್ತರ ಹರೆಯದಲ್ಲಿ ಬರೆದು 1974ರಲ್ಲಿ ಪ್ರಕಟವಾದ ಕಾದಂಬರಿ. ಅದರಲ್ಲಿ ಆರು ದಿನ, ಊರು ವಾಷಿಂಗ್ಟನ್, ಸಂಚಿನ ಹಿಂದಿರುವುದು ಹೆರಾಯಿನ್. ಸಿನಿಮಾ ಅದನ್ನು ಮೂರು ದಿನಕ್ಕಿಳಿಸಿ, ನ್ಯೂಯಾರ್ಕಿಗೆ ತಂದು, ಹೆರಾಯಿನ್ ಬದಲು ತೈಲವನ್ನು ಇಟ್ಟಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದಿದ್ದವು, ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲು. 1974ರ ಆಗಸ್ಟಿನಲ್ಲಿ ವಾಟರ್‌ಗೇಟ್ ಹಗರಣದಿಂದಾಗಿ ನಿಕ್ಸನ್ ಅಧ್ಯಕ್ಷಗಿರಿ ಬಿಟ್ಟರು. ಡಿಸೆಂಬರ್ 22ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸೀಮೋರ್ ಹರ್ಷ್ ಅವರ ವರದಿ ಬಂತು: ಸಿಐಎ ತನ್ನ ದೇಶದ ಪ್ರಜೆಗಳ ಮೇಲೇ ಕಾನೂನು ಮೀರಿ ಕಣ್ಣಿಟ್ಟಿತ್ತು. 1975ರ ಜನವರಿಯಲ್ಲಿ ಸೆನೆಟ್ ತನಿಖೆಗೆ ಫ್ರಾಂಕ್ ಚರ್ಚ್ ನೇತೃತ್ವದಲ್ಲಿ ಸಮಿತಿ ಮಾಡಿತು. ಆ ಸಮಿತಿಯ ಮೊದಲ ಬಹಿರಂಗ ವಿಚಾರಣೆ ನಡೆದದ್ದು ಸೆಪ್ಟೆಂಬರ್ 16ರಂದು, ಅಲ್ಲಿ ವಿಷದ ಸೂಜಿ ಹಾರಿಸುವ ಪಿಸ್ತೂಲನ್ನು ಸೆನೆಟರುಗಳು ಎತ್ತಿ ತೋರಿಸಿದರು. ಅದಾಗಿ ಒಂದು ವಾರಕ್ಕೆ ಈ ಚಿತ್ರ ತೆರೆಗೆ ಬಂತು. ಅಂದಿನ ಪ್ರೇಕ್ಷಕನಿಗೆ ಬೆಳಗಿನ ಪತ್ರಿಕೆಗೂ ಸಂಜೆಯ ಸಿನಿಮಾಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟವಾಗಿದ್ದಿರಬೇಕು.

ಆದರೆ ಚಿತ್ರ ಉಳಿದದ್ದು ಆ ಸುದ್ದಿಗಳ ಬಿಸಿಯಿಂದ ಎಂದು ನನಗೆ ಅನ್ನಿಸುವುದಿಲ್ಲ. ಅದರ ನಾಯಕ ಒಬ್ಬ ಓದುಗ ಎಂಬುದರಿಂದ ಉಳಿಯಿತು. ಟರ್ನರ್ ಒಂದು ವಿಚಿತ್ರವನ್ನು ಗಮನಿಸಿ ಮೇಲಿನವರಿಗೆ ವರದಿ ಕಳಿಸಿರುತ್ತಾನೆ. ಸರಿಯಾಗಿ ಮಾರಾಟವೇ ಆಗದ ಒಂದು ಪತ್ತೇದಾರಿ ಪುಸ್ತಕ ಲೋಕದ ದೊಡ್ಡ ಭಾಷೆಗಳನ್ನು ಬಿಟ್ಟು ಡಚ್, ಅರೇಬಿಕ್‌ಗಳಿಗೆ ಅನುವಾದವಾಗಿದೆ, ವೆನೆಜುವೆಲಾದಿಂದಲೂ ಬಂದಿದೆ. ಯಾಕೆ? ಉತ್ತರ ಹೊಳೆಯುವುದು ಕೊನೆಯ ಹೊತ್ತಿಗೆ: ತೈಲ ಇರುವಲ್ಲೆಲ್ಲ ಆ ಪುಸ್ತಕ ಇದೆ. ತೈಲಕ್ಕಾಗಿ ಸಿಐಎಯೊಳಗೇ ಕೆಲವರು ಹೂಡಿದ್ದ ಸಂಚನ್ನು ಅವನ ವರದಿ ಅವನಿಗೇ ಗೊತ್ತಿಲ್ಲದೆ ತಟ್ಟಿತ್ತು. ಅವನ ಸಹೋದ್ಯೋಗಿಗಳೆಲ್ಲ ಸತ್ತದ್ದು ಅವನು ಗಮನವಿಟ್ಟು ಓದಿದ್ದರಿಂದ. ಅವನು ಬದುಕಿ ಉಳಿಯುವುದೂ ಅದರಿಂದಲೇ. ಫೋನಿನ ಡಯಲ್ ಸದ್ದನ್ನು ರೆಕಾರ್ಡ್ ಮಾಡಿ ಅದರಿಂದ ನಂಬರ್ ಹಿಡಿಯುವುದು, ಹೋಟೆಲ್ ಬೀಗದ ಕೈಯ ಜಾಡು ಹಿಡಿಯುವುದು, ಟೆಲಿಫೋನ್ ತಂತಿಗಳನ್ನು ಅಡ್ಡಾದಿಡ್ಡಿ ಜೋಡಿಸಿ ತನ್ನನ್ನು ಹುಡುಕುವವರ ದಿಕ್ಕು ತಪ್ಪಿಸುವುದು, ಇವೆಲ್ಲ ಒಬ್ಬ ಪುಸ್ತಕದ ಹುಳು ಎಲ್ಲೋ ಓದಿದ್ದನ್ನು ಕೈಯಲ್ಲಿ ಮಾಡಿ ನೋಡುವ ಬಗೆ. ಸೋವಿಯತ್ ಗುಪ್ತಚರರು ಈ ಸಿನಿಮಾ ನೋಡಿ ತಾವೂ ಇಂಥ ಓದುವ ವಿಭಾಗವೊಂದನ್ನು ಕಟ್ಟಿದರಂತೆ ಎಂದು ಗ್ರೇಡಿ ಮುಂದೆ ಬರೆದುಕೊಂಡಿದ್ದಾರೆ. ಅವರ ಕಲ್ಪನೆ ಹುಟ್ಟಿದ್ದಾದರೂ ಎಲ್ಲಿಂದ? ವಾಷಿಂಗ್ಟನ್ನಿನಲ್ಲಿ ಕೆಲಸಕ್ಕೆ ನಡೆದುಹೋಗುವಾಗ ದಾರಿಯಲ್ಲಿ ಕಾಣುತ್ತಿದ್ದ ಇತಿಹಾಸ ಸಂಘದ ಫಲಕವಿದ್ದ ಒಂದು ಮನೆಯಿಂದ.

ರಿಸ್ಟೋರ್ ಆದ ಪ್ರತಿಯಲ್ಲಿ ನಾವೂ ಹಾಗೆ ಓದಬಹುದು. ಗೋಡೆಯ ಮೇಲಿನ ಫೋಟೋ, ಮೇಜಿನ ಮೇಲಿನ ಕಾಗದ, ಕಿಟಕಿಯಾಚೆಯ ನಗರ. ಸಿಐಎಯ ನ್ಯೂಯಾರ್ಕ್ ಕಚೇರಿ ಈ ಚಿತ್ರದಲ್ಲಿ ಇರುವುದು ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ. ಆಗಷ್ಟೇ ಎದ್ದು ನಿಂತಿದ್ದ ಕಟ್ಟಡ, ಅಧಿಕಾರದ ಎತ್ತರ ತೋರಿಸಲು ಆರಿಸಿಕೊಂಡದ್ದು. ಇವತ್ತು ಆ ಕಿಟಕಿಗಳು ಇಷ್ಟು ಸ್ಪಷ್ಟವಾಗಿ ಕಂಡಾಗ ಎದೆ ಒಮ್ಮೆ ಧಸಕ್ಕೆನ್ನುತ್ತದೆ.

ಚಿತ್ರದ ದೊಡ್ಡ ಬಿರುಕನ್ನೂ ಹೊಸ ಪ್ರತಿ ಅಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ. ಅಡಗಲು ಜಾಗ ಬೇಕೆಂದು ಟರ್ನರ್ ದಾರಿಯಲ್ಲಿ ಕಂಡ ಕ್ಯಾಥಿಯನ್ನು (ಫೇ ಡನವೇ) ಬಂದೂಕು ತೋರಿ ಅವಳದೇ ಮನೆಗೆ ಕರೆದೊಯ್ಯುತ್ತಾನೆ, ಕಟ್ಟಿಹಾಕುತ್ತಾನೆ. ಆಮೇಲೆ ಒಂದೇ ರಾತ್ರಿಯಲ್ಲಿ ಇಬ್ಬರಿಗೂ ಪ್ರೇಮ. ಹಿಂದೆ ಸ್ಯಾಕ್ಸೊಫೋನ್. ತೊಂಬತ್ತರಲ್ಲಿ ನೋಡಿದಾಗಲೂ ನನಗೆ ಇದು ಗಂಟಲಲ್ಲಿ ಇಳಿಯಲಿಲ್ಲ, ಈಗಂತೂ ಇಳಿಯುವುದೇ ಇಲ್ಲ. ಹೆದರಿದ ಹೆಣ್ಣೊಬ್ಬಳ ಹೆದರಿಕೆಯನ್ನು ಆಕರ್ಷಣೆಯಾಗಿ ತಿರುಗಿಸುವುದು ಬರಹದ ಸೋಮಾರಿತನ. ಆದರೆ ಕ್ಯಾಥಿ ಛಾಯಾಗ್ರಾಹಕಿ. ಅವಳ ಗೋಡೆಯ ಮೇಲೆ ಎಲೆಯುದುರಿದ ಮರಗಳು, ಖಾಲಿ ಬೆಂಚುಗಳು, ಒಬ್ಬರೂ ಮನುಷ್ಯರಿಲ್ಲದ ಫೋಟೋಗಳು. ಆ ಫೋಟೋಗಳನ್ನು ನೋಡಿ ಅವಳ ಒಂಟಿತನವನ್ನು ಟರ್ನರ್ ಓದುತ್ತಾನೆ. ಬರಹ ಕೈಕೊಟ್ಟ ಜಾಗದಲ್ಲಿ ಆ ಗೋಡೆಯೂ ಡನವೇ ಅವರ ಕಣ್ಣುಗಳೂ ಸ್ವಲ್ಪ ಮಾನ ಉಳಿಸುತ್ತವೆ.

ಜೂಬೇರ್ ಪಾತ್ರ ಮಾತ್ರ ವರ್ಷ ಕಳೆದಂತೆ ಎತ್ತರಕ್ಕೆ ಹೋಗುತ್ತಿದೆ. ಅವನಿಗೆ ದ್ವೇಷವಿಲ್ಲ, ಪಕ್ಷವಿಲ್ಲ. ಬಿಡುವಿನಲ್ಲಿ ಪುಟಾಣಿ ಸೈನಿಕರ ಬೊಂಬೆಗಳಿಗೆ ಬಣ್ಣ ಬಳಿಯುತ್ತಾನೆ. ಯಾರು ಹಣ ಕೊಟ್ಟರೆ ಅವರ ಕೆಲಸ. ಕೊನೆಯ ಹೊತ್ತಿಗೆ ಒಪ್ಪಂದ ಬದಲಾಗಿ, ನಿನ್ನೆಯವರೆಗೆ ಬೇಟೆಯಾಡುತ್ತಿದ್ದ ಟರ್ನರನೊಡನೆ ಬೆಳಗಿನ ಜಾವದಲ್ಲಿ ಮಾತಾಡುತ್ತ ನಡೆಯುತ್ತಾನೆ. ನಿನ್ನ ಸಾವು ಹೀಗೆ ಬರುತ್ತದೆ ಎಂದು ಹಿರಿಯನೊಬ್ಬ ಕಿರಿಯನಿಗೆ ದಾರಿ ಹೇಳುವ ಮೃದುತ್ವದಲ್ಲಿ ವಿವರಿಸುತ್ತಾನೆ. ವಸಂತದ ಒಂದು ಬಿಸಿಲ ದಿನ, ನೀನು ನಡೆದು ಹೋಗುತ್ತಿರುವಾಗ ಪಕ್ಕದಲ್ಲಿ ಕಾರೊಂದು ನಿಧಾನಿಸುತ್ತದೆ, ಇಳಿಯುವವನು ನಿನ್ನ ಪರಿಚಯದವನೇ, ನಗುತ್ತಾನೆ, ಕಾರಿನ ಬಾಗಿಲನ್ನು ಮುಚ್ಚದೆ ಹಾಗೇ ಬಿಟ್ಟಿರುತ್ತಾನೆ. ವಾನ್ ಸೀಡೋ ಅವರ ಮುಖದ ಒಂದೊಂದು ಗೆರೆಯೂ ಈ ಡಿಸ್ಕಿನಲ್ಲಿದೆ. ಕಾಳನ್ನು ಒರೆಸಿದ್ದರೆ ಮೊದಲು ಹೋಗುತ್ತಿದ್ದದ್ದು ಆ ಗೆರೆಗಳೇ.

ಆ ಬಾಗಿಲು ತೆರೆದ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕೊನೆಯ ದೃಶ್ಯಕ್ಕೆ ಬನ್ನಿ. ಕ್ರಿಸ್‌ಮಸ್ ಹೊತ್ತು, ನ್ಯೂಯಾರ್ಕ್ ಟೈಮ್ಸ್ ಕಚೇರಿಯ ಎದುರಿನ ಬೀದಿ, ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯವರು ಹಾಡುತ್ತಿದ್ದಾರೆ. ಸಿಐಎ ಅಧಿಕಾರಿ ಹಿಗಿನ್ಸ್ (ಕ್ಲಿಫ್ ರಾಬರ್ಟ್‌ಸನ್) ತನ್ನ ವಾದ ಮುಂದಿಡುತ್ತಾನೆ. ಇವತ್ತು ತೈಲ, ನಾಳೆ ಅನ್ನ. ಮನೆಯಲ್ಲಿ ಒಲೆ ಉರಿಯದಿದ್ದಾಗ ಜನ ನಮ್ಮನ್ನು ಹೇಗೆ ತಂದಿರಿ ಎಂದು ಕೇಳುವುದಿಲ್ಲ, ತಂದುಕೊಡಿ ಎನ್ನುತ್ತಾರೆ. ಟರ್ನರ್ ಪತ್ರಿಕೆಯ ಕಟ್ಟಡ ತೋರಿಸುತ್ತಾನೆ. ಎಲ್ಲವನ್ನೂ ಅವರಿಗೆ ಹೇಳಿಯಾಗಿದೆ. ಹಿಗಿನ್ಸ್ ಕೇಳುವುದು ಒಂದೇ ಪ್ರಶ್ನೆ: ಅವರು ಅಚ್ಚು ಹಾಕುತ್ತಾರೆಂದು ನಿನಗೆ ಹೇಗೆ ಗೊತ್ತು?

ಈ ಚಿತ್ರ ತೆರೆಗೆ ಬಂದ ಆ ಸೆಪ್ಟೆಂಬರಿನಲ್ಲಿ ನಮ್ಮ ದೇಶದಲ್ಲಿ ತುರ್ತು ಪರಿಸ್ಥಿತಿ ಹೇರಿ ಮೂರು ತಿಂಗಳಾಗುತ್ತ ಬಂದಿತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್. ನಾನಾಗ ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಅಪ್ಪ ಬೆಳಗಿನ ಪತ್ರಿಕೆಯನ್ನು ಎರಡು ನಿಮಿಷಕ್ಕೇ ಮಡಚಿಟ್ಟು ರಾತ್ರಿ ರೇಡಿಯೊಗೆ ಕಿವಿ ಹಚ್ಚಿ ಬಿಬಿಸಿ ಹಿಡಿಯುತ್ತಿದ್ದರು. ಹಾಗಾಗಿ ಹಿಗಿನ್ಸ್‌ನ ಪ್ರಶ್ನೆ ನನಗೆ ಎಂದೂ ಅಮೆರಿಕದ ಪ್ರಶ್ನೆಯಾಗಿ ಕೇಳಿಸಲಿಲ್ಲ.

ಹಾಕುತ್ತಾರೆ ಎನ್ನುತ್ತಾನೆ ಟರ್ನರ್. ಹೇಗೆ ಗೊತ್ತು ಎಂದು ಮತ್ತೆ ಹಿಗಿನ್ಸ್. ಟರ್ನರ್ ಜನರ ನಡುವೆ ನಡೆಯುತ್ತ ಒಮ್ಮೆ ತಿರುಗಿ ನೋಡುತ್ತಾನೆ, ಚಿತ್ರ ಅಲ್ಲೇ ಸ್ತಬ್ಧವಾಗುತ್ತದೆ. ನಿಮ್ಮ ನೆನಪಿನಲ್ಲಿ ಅವನು ಗೆದ್ದದ್ದು ಹೇಗೆಂದು ನನಗನ್ನಿಸುವುದನ್ನು ಹೇಳುತ್ತೇನೆ. ಅಂಚು ಕತ್ತರಿಸಿದ ಪ್ರತಿಯಲ್ಲಿ ಉಳಿಯುವುದು ಹೆಚ್ಚಾಗಿ ನಾಯಕನ ಮುಖ. ರೆಡ್‌ಫೋರ್ಡ್ ಅವರ ಮುಖ ನೋಡಿದರೆ ಯಾರಿಗೂ ಇವನು ಸೋಲುತ್ತಾನೆ ಅನ್ನಿಸುವುದಿಲ್ಲ. ಮರುವರ್ಷವೇ ಅವರು ವಾಟರ್‌ಗೇಟ್ ಹಗರಣ ಬಯಲಿಗೆಳೆದ ಪತ್ರಕರ್ತನಾಗಿ ನಟಿಸಿ ಗೆದ್ದರು, ಆ ಗೆಲುವಿನ ನೆನಪೂ ಇದರೊಳಗೆ ಸೇರಿಕೊಂಡಿರಬಹುದು. ಪೂರ್ತಿ ಅಗಲದಲ್ಲಿ ಅವನ ಎರಡೂ ಬದಿಗೆ ಜನ ಇದ್ದಾರೆ. ಹಾಡುವವರು, ನಡೆಯುವವರು, ಸುಮ್ಮನೆ ನಿಂತವರು. ಯಾರು ದಾರಿಹೋಕರು, ಯಾರು ಅಲ್ಲ ಎಂದು ಅವನಿಗೂ ತಿಳಿಯದು, ನಮಗೂ ತಿಳಿಯದು. ರೆಡ್‌ಫೋರ್ಡ್ 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ರಾತ್ರಿ ನಾನು ಈ ಒಂದು ಶಾಟನ್ನಷ್ಟೇ ಹಾಕಿಕೊಂಡು ಬಹಳ ಹೊತ್ತು ಕೂತಿದ್ದೆ.

ಕವರಿನೊಳಗೆ ಎರಡನೆಯದಾಗಿ ಸಾದಾ ಬ್ಲೂ-ರೇ ಡಿಸ್ಕ್ ಇದ್ದು ಅದು ಓಡದಿದ್ದರೆ ಕೆಟ್ಟಿದೆಯೆಂದು ಎಸೆಯಬೇಡಿ. ಅಮೆರಿಕದ ಬ್ಲೂ-ರೇಗಳು ‘ಎ’ ವಲಯದವು, ನಮ್ಮ ದೇಶ ‘ಸಿ’ ವಲಯ. 4ಕೆ ಡಿಸ್ಕಿಗೆ ಮಾತ್ರ ಈ ಬೇಲಿ ಇಲ್ಲ. ಟಿವಿಯನ್ನು ಮೇಲೆ ಹೇಳಿದಂತೆ ಹೊಂದಿಸಿ, ಕೋಣೆಯ ದೀಪ ಆರಿಸಿ, ಒಂದು ಸಂಜೆ ಮಗನನ್ನು ಮತ್ತೆ ಕೂರಿಸಿ. ಮಳೆಯಲ್ಲಿ ಊಟ ತರಲು ಹೋಗುವ ತನಕ ಎದ್ದು ಹೋಗಬೇಡ ಎಂದಷ್ಟೇ ಹೇಳಿ. ಕೊನೆಯ ಶಾಟ್ ಸ್ತಬ್ಧವಾದಾಗ ಪತ್ರಿಕೆಯವರು ಅಚ್ಚು ಹಾಕಿದರೋ ಇಲ್ಲವೋ ಎಂದು ಅವನನ್ನೇ ಕೇಳಿ, ಅವನು ಏನೆಂದ ಎಂದು ನನಗೆ ಬರೆಯಿರಿ.